ಅಂಚು ಚಿವುಟಿದ ಹೋಳಿಗೆ

ನಮ್ಮ ಮನೆಯಲ್ಲಿ ಗೋಧಿ ಎಂದರೆ ಹಬ್ಬ, ಉಳಿದ ದಿನವೆಲ್ಲ ಜೋಳ. ಅಫಜಲಪುರ ತಾಲ್ಲೂಕಿನಲ್ಲಿ, ಸೊನ್ನದ ಹತ್ತಿರ, ಭೀಮಾ ದಂಡೆಯ ಊರು ನಮ್ಮದು. ಅಪ್ಪ ಬೇರೆಯವರ ಹೊಲದಲ್ಲಿ ದುಡಿಯುತ್ತಿದ್ದ. ದುಡಿದದ್ದಕ್ಕೆ ಮನೆಗೆ ಬರುತ್ತಿದ್ದದ್ದೂ ಜೋಳವೇ. ಬೆಳಿಗ್ಗೆ ನಿನ್ನೆಯ ಕಟಕ ರೊಟ್ಟಿ, ಮಧ್ಯಾಹ್ನ ಬಿಸಿ ರೊಟ್ಟಿ, ರಾತ್ರಿ ನುಚ್ಚು, ಮಜ್ಜಿಗೆ. ಯುಗಾದಿಗೆ, ಪಂಚಮಿಗೆ, ದೀಪಾವಳಿಗೆ ಮಾತ್ರ ಅವ್ವ ಗೋಧಿ ಹಿಟ್ಟಿನ ಕಣಕ ನಾದಿ ಹೋಳಿಗೆ ಮಾಡುತ್ತಿದ್ದಳು. ಮರುದಿನ ನಾನು ಹೊಟ್ಟೆ ಹಿಡಿದುಕೊಂಡು ಮೂಲೆ ಸೇರುತ್ತಿದ್ದೆ. ಒಂದು ಹಬ್ಬಕ್ಕೂ ಇದು ತಪ್ಪಲಿಲ್ಲ.

“ಆಸಿಬುರುಕಿ! ನಾಲಿಗಿ ಹಿಡಿಯಂಗಿಲ್ಲ ಇಕಿ. ತಿನ್ನೂಮುಂದ ಗೊತ್ತಾಗಂಗಿಲ್ಲೇನು?” ಎಂದು ಅವ್ವ ಬೈಯುತ್ತಲೇ ಅಜವಾನ ಜಗಿಯಲು ಕೊಡುತ್ತಿದ್ದಳು.

ನಾನು ಆಸೆಬುರುಕಿ ಎಂದು ಇಪ್ಪತ್ತೆರಡು ವರ್ಷದವರೆಗೆ ನಾನೂ ನಂಬಿದ್ದೆ.

ಎಪ್ಪತ್ತರ ದಶಕದಲ್ಲಿ ನಮ್ಮ ಓಣಿಯಿಂದ ಕಲಬುರಗಿಗೆ ಹೋಗಿ ಬಿ.ಎ. ಓದಿದವಳು ನಾನೊಬ್ಬಳೇ. ಹುಡುಗರಲ್ಲೂ ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ. ಹಾಸ್ಟೆಲಿನಲ್ಲಿ ದಿನಾ ಸಂಜೆ ಎರಡು ಚಪಾತಿ ಕೊಡುತ್ತಿದ್ದರು. ಮೊದಲ ದಿನ ಆ ಚಪಾತಿಯ ಮುಂದೆ ಕೂತಾಗ ನಾನು ಏನೋ ಆಗಿಬಿಟ್ಟೆ ಅನ್ನಿಸಿತ್ತು. ದಿನಾ ಗೋಧಿ ತಿನ್ನುವವರೆಂದರೆ ನಮ್ಮ ಪಾಲಿಗೆ ಸಾಹೇಬರು. ರಜೆಗೆ ಊರಿಗೆ ಹೋದಾಗ ಅಪ್ಪ ಕಟ್ಟೆಯ ಮೇಲೆ ಕೂತವರಿಗೆ ನನ್ನ ಓದಿನ ಸುದ್ದಿ ಹೇಳುತ್ತಿರಲಿಲ್ಲ. “ನಮ್ಮಾಕಿ ದಿನಾ ಚಪಾತಿ ತಿಂತಾಳ್ರಿ ಅಲ್ಲಿ” ಎನ್ನುತ್ತಿದ್ದ.

ಚಪಾತಿ ನನ್ನನ್ನು ತಿನ್ನುತ್ತಿತ್ತು. ಕೂದಲು ಉದುರಿತು, ಬಾಯಲ್ಲಿ ಹುಣ್ಣು, ರವಿಕೆ ಸಡಿಲ. ಕೊನೆಯ ವರ್ಷದ ಪರೀಕ್ಷೆಯನ್ನು ಹೊಟ್ಟೆಗೆ ಹಳೆಯ ಸೀರೆಯ ತುಂಡು ಬಿಗಿದು ಕಟ್ಟಿಕೊಂಡು ಬರೆದೆ. ನಡುವೆ ಎರಡು ಸಲ ಎದ್ದು ಹೊರಗೆ ಹೋಗಿ ಬಂದೆ. ಕೋಣೆಯ ಮೇಲ್ವಿಚಾರಕರು ನಕಲು ಮಾಡುತ್ತಿದ್ದೇನೆಂದು ತಿಳಿದು ಹಿಂದೆಯೇ ಒಬ್ಬಾಕೆಯನ್ನು ಕಳಿಸಿದರು. ಆ ಪರೀಕ್ಷೆಯಲ್ಲಿ ನಾನು ಸೆಕೆಂಡ್ ಕ್ಲಾಸು. ಆ ಕ್ಲಾಸಿನ ಬೆಲೆ ನನಗೊಬ್ಬಳಿಗೇ ಗೊತ್ತು.

ಬಿ.ಇಡಿ. ಮುಗಿದು ಜೇವರ್ಗಿಯಲ್ಲಿ ಹೈಸ್ಕೂಲಿನ ನೌಕರಿ ಸಿಕ್ಕ ಮೇಲೆ, ಸೊಲ್ಲಾಪುರದ ಒಬ್ಬ ಹಿರಿಯ ಡಾಕ್ಟರರ ಹತ್ತಿರ ಹೋದೆ. ಪರದೇಶದಲ್ಲಿ ಕಲಿತು ಬಂದವರಂತೆ. ಎರಡು ಮೂರು ಸಲ ಕರೆಸಿ, ತಪಾಸು ಮಾಡಿ, ಕೊನೆಗೆ “ಗಹೂ ಬಂದ್” ಎಂದರು. ಗೋಧಿ ನಿಲ್ಲಿಸು ಎಂದು. ಎಷ್ಟು ದಿನ ಎಂದು ಕೇಳಿದೆ. ಅವರು ಕೈ ಅಡ್ಡ ಆಡಿಸಿ, ಕಡೆತನಕ ಎಂದರು. ರೋಗಕ್ಕೊಂದು ಉದ್ದದ ಹೆಸರು ಹೇಳಿದರು, ಅದು ನನಗೆ ನಿಲ್ಲಲಿಲ್ಲ. ನಿಂತದ್ದು ಅವರು ಹರಕು ಕನ್ನಡದಲ್ಲಿ ಹೇಳಿದ ಮಾತು. ಗೋಧಿ ಹಿಟ್ಟಿನಲ್ಲಿ ಎಳೆದರೆ ಹಿಗ್ಗುವ ಜಿಗಿ ಇದೆಯಲ್ಲ, ಅದು ನಿನ್ನ ಕರುಳಿಗೆ ವಿಷ. ಜೋಳ ತಿನ್ನು, ಅಕ್ಕಿ ತಿನ್ನು, ನೂರು ವರ್ಷ ಬಾಳು. ಇದು ಮನೆತನದಲ್ಲಿ ಇನ್ನೊಬ್ಬರಿಗೆ ಬರಲೂಬಹುದು, ಲಕ್ಷ್ಯ ಇರಲಿ.

ಬಸ್ಸಿನಲ್ಲಿ ಕೂತು ನಕ್ಕೆ, ಆಮೇಲೆ ಅತ್ತೆ. ಜೋಳದಿಂದ ತಪ್ಪಿಸಿಕೊಳ್ಳಲೆಂದು ಓದಿ ಓದಿ ಗೋಧಿಯ ತನಕ ಬಂದಿದ್ದೆ. ಆ ಪುಣ್ಯಾತ್ಮ ಎರಡೇ ಮಾತಿನಲ್ಲಿ ನನ್ನನ್ನು ತಿರುಗಿ ಅವ್ವನ ಒಲೆಯ ಮುಂದೆ ಕೂಡಿಸಿದ.

ಒಂದು ವರ್ಷದಲ್ಲಿ ಮೈ ತಿರುಗಿತು. ಆದರೆ ಬಾಯಿ ಕಟ್ಟಿಕೊಂಡು ಬದುಕುವುದು ಹೊಟ್ಟೆನೋವಿಗಿಂತ ಕಷ್ಟ. ಶಾಲೆಯಲ್ಲಿ ಚಹಾದ ಜೊತೆ ಬಿಸ್ಕೀಟು, ಯಾರ ಮನೆಗೆ ಹೋದರೂ ಉಪ್ಪಿಟ್ಟು, ಸಿರಾ, ಶಾವಿಗೆ. ಎಲ್ಲ ಗೋಧಿಯ ಮಕ್ಕಳೇ. ಸೋಮವಾರ ಒಪ್ಪತ್ತು ಎಂದೆ, ಗುರುವಾರ ಒಪ್ಪತ್ತು ಎಂದೆ, ಅಮಾವಾಸ್ಯೆ ಎಂದೆ. “ಅಕ್ಕೋರು ಭಾಳ ಕಟ್ಟುನಿಟ್ಟು” ಎಂದು ಶಾಲೆಯಲ್ಲಿ ಹೆಸರಾಯಿತು; ನಮ್ಮ ಕಡೆ ಟೀಚರಮ್ಮ ಎಂದರೆ ಅಕ್ಕೋರು. ದೇವರಿಗೆ ನನ್ನಷ್ಟು ಸುಳ್ಳು ಉಪವಾಸ ಮಾಡಿದವರು ಯಾರೂ ಇರಲಿಕ್ಕಿಲ್ಲ.

ಖರೆ ಹೇಳಿಯೂ ನೋಡಿದ್ದೆ. ಒಮ್ಮೆ ಮಾತ್ರ. ನನ್ನನ್ನು ನೋಡಲು ಬಂದ ಗಂಡಿನ ತಾಯಿಗೆ, “ನನಗ ಗೋಧಿ ಆಗಂಗಿಲ್ರಿ, ಡಾಕ್ಟರ್ ಬ್ಯಾಡ ಅಂದಾರ” ಎಂದೆ. ಆಕೆ “ಅಯ್ಯ, ಅದಕ್ಕೇನಾತು ಬಿಡವ್ವಾ” ಎಂದು ನನ್ನ ಗದ್ದ ಹಿಡಿದು ಹೋದಳು. ಎಂಟು ದಿನದಲ್ಲಿ ಸುದ್ದಿ ತಿರುಗಿ ಬಂತು: ಹುಡುಗಿಗೆ ಕರುಳು ಕೊಳೆಯುವ ರೋಗ, ಮಕ್ಕಳಾಗುವುದಿಲ್ಲ. ಆಮೇಲೆ ನನ್ನನ್ನು ನೋಡಲು ಯಾರೂ ಬರಲಿಲ್ಲ. ನಾನೂ ಬರಗೊಡಲಿಲ್ಲ. ನೌಕರಿ ಇತ್ತು, ಬಾಡಿಗೆಯ ಮನೆ ಇತ್ತು, ನನ್ನ ಹತ್ತಿರ ಇದ್ದು ಪಿ.ಯು.ಸಿ. ಓದುವ ತಂಗಿ ಇದ್ದಳು.

ಆ ತಂಗಿಗೆ ಆಳಂದದಿಂದ ಸಂಬಂಧ ಬಂತು. ಕಾಳಿನ ಅಂಗಡಿಯವರು, ತಕ್ಕಮಟ್ಟಿಗೆ ಹೊಲ, ಹುಡುಗ ಸಭ್ಯ. ಮದುವೆ ದಿಬ್ಬಣವೊಂದರಲ್ಲಿ ಇವಳನ್ನು ನೋಡಿ ಅವರೇ ಕೇಳಿ ಕಳಿಸಿದ್ದರು. ಇವಳಿಗೂ ಹುಡುಗ ಮನಸ್ಸಿಗೆ ಬಂದಿದ್ದ. ಮಾತು ಮುಗಿಸಲು ಹಿರಿಯರು ಜೇವರ್ಗಿಯ ನನ್ನ ಮನೆಗೇ ಬರುವವರು, ನಮ್ಮ ಊರ ಗುಡಿಸಲಿಗಲ್ಲ. ಬಂದು ಉಂಡರೆ ಒಪ್ಪಿದ ಹಾಗೆ, ಬರೀ ಚಹಾ ಕುಡಿದು ಎದ್ದರೆ ಇಲ್ಲ. ನಮ್ಮ ಕಡೆಯ ರೀತಿಯೇ ಅದು.

ಸಂಬಂಧ ತಂದ ಹಿರಿಯ ಇನ್ನೊಂದು ಮಾತು ತಂದ. ಹುಡುಗನ ಅಜ್ಜ ಭಾಳ ನೇಮದವರು. ಜಿಡಗಾದ ಮಠಕ್ಕೆ ನಡೆದುಕೊಳ್ಳುವವರು. ತಾಟಿನಲ್ಲಿ ಅಗುಳು ಬಿಡುವುದಿಲ್ಲ, ಉಂಡ ತಾಟು ತೊಳೆದು ಆ ನೀರನ್ನೇ ಕುಡಿಯುತ್ತಾರೆ. ಬಿಟ್ಟವರನ್ನು ಕಂಡರೆ ಆಗುವುದಿಲ್ಲ. ಪ್ರಸಾದ ಬಿಡುವ ಮನೆಯ ಹೆಣ್ಣು ಬೇಡ ಎಂದು ಒಂದು ಸಂಬಂಧ ಮುರಿದಿದ್ದಾರೆ. “ಮತ್ತ ಅಜ್ಜಾರು ಹೇಳ್ಯಾರ, ಬಿ.ಎ. ಆದ ಅಕ್ಕೋರು ಅಡಿಗಿ ಮನ್ಯಾಗ ನಿಲ್ಲಬಾರದಂತ. ಮನಿ ನಡಸಾಕಿ ಅಕಿ, ನನ್ನ ಮಗ್ಗಲ ಕುಂತು ಉಣ್ಣಬೇಕು ಅಂದಾರ.”

ಬೇರೆ ಯಾವ ಹೆಣ್ಣಾದರೂ ಗಂಡಸರು ಎದ್ದ ಮೇಲೆ ಒಲೆಯ ಮುಂದೆ ತನಗೆ ಬೇಕಾದದ್ದನ್ನು ಉಣ್ಣುತ್ತಿದ್ದಳು. ನನ್ನ ಓದು ನನ್ನನ್ನು ಪಂಕ್ತಿಗೆ ಎಳೆದು ಕೂಡಿಸಿತು.

ಹೋಳಿಗೆ ಇಲ್ಲದೆ ಬೀಗರ ಊಟ ಇಲ್ಲ. ಜೋಳದ ರೊಟ್ಟಿ ಮುಂದಿಟ್ಟರೆ ಬಡತನ ಎನ್ನುತ್ತಾರೆ, ಇಲ್ಲ ಜಿಪುಣತನ ಎನ್ನುತ್ತಾರೆ. ನಾನು ಉಣ್ಣದಿದ್ದರೆ ಯಾಕೆ ಎನ್ನುತ್ತಾರೆ. ಅಕ್ಕ ಯಾಕೆ ಲಗ್ನವಾಗದೆ ಕೂತಿದ್ದಾಳೆ ಎಂದು ಮೊದಲೇ ಕೇಳಿದ್ದರು. ಓದು, ನೌಕರಿ ಎಂದು ಹೇಳಿ ಮುಗಿಸಿದ್ದೆವು. ಈಗ ಕಾರಣ ಹೊರಬಿದ್ದರೆ ಆ ರೋಗ ತಂಗಿಯ ತಲೆಗೂ ಬೀಳುತ್ತದೆ.

ಉಪಾಯ ಅವ್ವನದು. ಎರಡು ದಿನ ಮೊದಲೇ ಊರಿಂದ ಬಂದು ಒಲೆಯ ಮುಂದೆ ಕೂತಳು. ನೀರು ಕುದಿಸಿ ಜೋಳದ ಹಿಟ್ಟು ಸುರುವಿ, ಬಿಸಿ ಇರುವಾಗಲೇ ಅಂಗೈ ಸುಟ್ಟುಕೊಂಡು ನಾದಿ, ಒಳಗೆ ಹೂರಣ ತುಂಬಿ ತಟ್ಟಿದಳು. ಮೊದಲ ನಾಲ್ಕು ಬಿರಿದವು. ಐದನೆಯದು ನಿಂತಿತು. ಮೇಲೆ ತುಪ್ಪ ಸವರಿದರೆ ದೂರದಿಂದ ಹೋಳಿಗೆಯೇ. ಸ್ವಲ್ಪ ಬಿಳುಪು, ಸ್ವಲ್ಪ ದಪ್ಪ, ಅಷ್ಟೇ. ಗುರುತಿಗೆ ಅಂಚಿನಲ್ಲಿ ಉಗುರಿನಿಂದ ಒಂದು ಚಿವುಟು.

“ಇವು ಮೂರು ನಿನಗ. ಬ್ಯಾರೆ ತಾಟಿನ್ಯಾಗ ಮುಚ್ಚಿಡ್ತೇನಿ. ಬಡಸೂಮುಂದ ನಾನಽ ತಂದು ಹಾಕ್ತೇನಿ. ನೀ ಬಾಯಿ ಮುಚ್ಚಿ ತಿನ್ನು, ಸಾಕು” ಎಂದಳು ಅವ್ವ.

ತಂಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಅಕ್ಕಾ, ಏನಾರ ಹೆಚ್ಚುಕಮ್ಮಿ ಆದ್ರ?” ಎಂದಳು. ಅವಳ ದನಿಯಲ್ಲಿ ನನ್ನ ಹೊಟ್ಟೆಯ ಚಿಂತೆ ಇರಲಿಲ್ಲ. ಇರಬೇಕೆಂದು ನಾನೂ ಬಯಸಲಿಲ್ಲ. ಇಪ್ಪತ್ತರ ಹುಡುಗಿ, ಅವಳ ಬಾಳಿನ ಪ್ರಶ್ನೆ.

ಅವರು ಏಳು ಮಂದಿ ಬಂದರು. ಅಜ್ಜ ಬಾಗಿಲಲ್ಲಿ ನಿಂತು, ನನ್ನ ಹೆಸರಿನ ಮುಂದೆ ಬಿ.ಎ., ಬಿ.ಇಡಿ. ಎಂದು ಬರೆಸಿದ್ದ ಹಲಗೆಯ ಮೇಲೆ ಬೆರಳಾಡಿಸಿದರು. ಅವರಿಗೆ ಓದಲು ಬರುತ್ತಿರಲಿಲ್ಲ. “ಇದು ಅಕ್ಕೋರ ಹೆಸರೇನು? ಛಲೋ ಕಾಣ್ತದ” ಎಂದರು. ಆ ಕ್ಷಣ ನನಗೆ ಅವರ ಮೇಲೆ ಪ್ರೀತಿ ಬಂತು. ಒಳಗೆ ಹೆದರಿಕೆಯೂ ಬಂತು.

ನೆಲದ ಮೇಲೆ ಜಮಖಾನ ಹಾಸಿದ್ದೆವು. ಅಜ್ಜನ ತಾಟು ಮಾತ್ರ ಮೂರು ಕಾಲಿನ ಅಡ್ಡಣಿಗೆಯ ಮೇಲೆ. ಎಡಕ್ಕೆ ನಾನು. ಎದುರಿಗೆ ಹುಡುಗನ ಅಪ್ಪ, ತಾಯಿ. ನಮ್ಮಪ್ಪ ಗೋಡೆಗೆ ಅಂಟಿಕೊಂಡು, ತನ್ನ ಮಗಳ ಮನೆಯಲ್ಲೇ ಪರಸ್ಥಳದವನ ಹಾಗೆ ಕೂತಿದ್ದ. ಅವ್ವ ಪಲ್ಯ ಬಡಿಸಿದಳು, ಬದನೆಕಾಯಿ ಬಡಿಸಿದಳು, ಶೇಂಗಾ ಹಿಂಡಿ ಹಾಕಿದಳು. ಹೋಳಿಗೆ ತರಬೇಕು ಎನ್ನುವಷ್ಟರಲ್ಲಿ ಹುಡುಗನ ತಾಯಿ ಅವ್ವನ ಕೈ ಹಿಡಿದು ನಿಲ್ಲಿಸಿ ಏನೋ ಕೇಳತೊಡಗಿದಳು. ಬೀಗತಿಯ ಕೈ ಬಿಡಿಸಿಕೊಂಡು ಹೋಗಲಾಗುತ್ತದೆಯೇ?

ಹೋಳಿಗೆಯ ಬುಟ್ಟಿ ಹಿಡಿದು ಬಂದವಳು ಚಿಗವ್ವ, ಅವ್ವನ ತಂಗಿ. ಆ ದಿನ ಬೆಳಿಗ್ಗೆಯಷ್ಟೇ ಊರಿಂದ ಬಂದಿದ್ದಳು. ಅವಳಿಗೆ ನಾವು ಏನೂ ಹೇಳಿರಲಿಲ್ಲ, ಅವಳ ಬಾಯಿಯಲ್ಲಿ ಮಾತು ನಿಲ್ಲುವುದಿಲ್ಲವೆಂದು. ಅವಳ ಇನ್ನೊಂದು ಕೈಯಲ್ಲಿ ಮುಚ್ಚಿದ ತಾಟು ಇತ್ತು. ನಮ್ಮ ಮನೆಗಳಲ್ಲಿ ಮೊದಲು ತೆಗೆದು ಬೇರೆ ಮುಚ್ಚಿಟ್ಟದ್ದು ಮೀಸಲು. ಜಂಗಮರಿಗೆ, ಇಲ್ಲವೇ ಬಂದವರಲ್ಲಿ ಹಿರಿಯರಿಗೆ. ಚಿಗವ್ವ ಹುಟ್ಟಿದಾಗಿನಿಂದ ಕಂಡದ್ದು ಅದನ್ನೇ. ನೇರವಾಗಿ ಬಂದು ಆ ಮೂರನ್ನೂ ಅಜ್ಜನ ತಾಟಿಗೆ ಹಾಕಿದಳು. ಬುಟ್ಟಿಯಿಂದ ಮೂರು ತೆಗೆದು ನನ್ನ ತಾಟಿಗೆ ಹಾಕಿ, ಮೇಲೆ ತುಪ್ಪ ಸುರಿದು, ಉಳಿದವರಿಗೂ ಬಡಿಸುತ್ತ ಹೋದಳು.

ಅಜ್ಜನ ತಾಟಿನಲ್ಲಿ ಆ ಚಿವುಟಿದ ಅಂಚು ಕಾಣುತ್ತಿತ್ತು. ಅವ್ವ ಆಚೆಯಿಂದ ನೋಡಿದಳು.

ಅಜ್ಜ ಕೈ ಮುಗಿದು ಮುರಿದರು. ಅದು ಹರಿಯಲಿಲ್ಲ, ಮುರಿಯಿತು. ಬಾಯಿಗಿಟ್ಟು ನಿಧಾನವಾಗಿ ಜಗಿದರು. “ಇದೇನು? ಜೋಳದ್ದದಲ್ಲ?” ಎಂದರು.

ಪಂಕ್ತಿಯೇ ನಿಂತಿತು. ಬೀಗತಿಯ ಕೈ ತುತ್ತಿನೊಂದಿಗೆ ಅಲ್ಲೇ ಉಳಿಯಿತು. ಎಲ್ಲರಿಗೂ ಗೋಧಿ ಬಡಿಸಿ ಹಿರಿಯರಿಗೆ ಜೋಳ ಬಡಿಸಿದ ಮನೆ ನಮ್ಮದಾಗಿತ್ತು.

ಅವ್ವ ಬಾಯಿ ತೆರೆದಳು. ನನ್ನವ್ವ ಶಾಲೆಯ ಮುಖ ಕಂಡವಳಲ್ಲ, ಆದರೆ ಆ ಹೊತ್ತಿನ ಬುದ್ಧಿ ನನ್ನ ಎರಡು ಪದವಿಯಲ್ಲೂ ಇರಲಿಲ್ಲ. “ಹೌದ್ರಿ ಎಪ್ಪಾ. ಹೊಸ ಬಿಳಿಜ್ವಾಳ. ನಿಮ್ಮ ಹಲ್ಲಿಗಿ ಮೆತ್ತಗಾಗ್ಲಿ, ಹೊಟ್ಟಿಗಿ ಹಗುರಾಗ್ಲಿ ಅಂತ ಬಿಸಿನೀರಾಗ ಹಿಟ್ಟು ಹಾಕಿ ನಿಮಗಂತಽ ಮಾಡೇನ್ರಿ. ನಮ್ಮ ಮನಿ ಪದ್ಧತಿರಿ ಅದು, ಹಿರಿಯರಿಗೆ.”

ಅಜ್ಜ ಇನ್ನೊಂದು ತುತ್ತು ತಿಂದರು. ಮತ್ತೊಂದು. “ಎಲಾ ಇವನ! ಎಂಬತ್ತು ವರ್ಷದಾಗ ಯಾರೂ ನನಗ ಇದನ್ನ ಮಾಡಿ ಹಾಕಿಲ್ಲ ನೋಡು” ಎಂದು ಮಗನ ಕಡೆ ತಿರುಗಿ ನಕ್ಕರು. “ಗೋಧಿದು ತಿಂದ್ರ ಎದಿ ಮ್ಯಾಲ ಕಲ್ಲು ಇಟ್ಟಂಗ ಆಗ್ತದ. ಇದು ಛಲೋ ಅದ.” ಆಮೇಲೆ ನನ್ನ ತಾಟು ನೋಡಿದರು. “ಅಕ್ಕೋರ, ನೀವ್ಯಾಕ ಕೈ ಕಟ್ಟಿ ಕುಂತೀರಿ? ಉಣ್ರಿ. ನೀವು ಉಂಡ್ರ ನಾವು ಉಂಡಂಗ.”

ತಾಟಿನಲ್ಲಿ ಮೂರು. ಬಿಡುವ ಹಾಗಿಲ್ಲ. ಬಾಗಿಲ ಸಂದಿಯಲ್ಲಿ ತಂಗಿಯ ಸೀರೆಯ ಅಂಚು ಕಾಣುತ್ತಿತ್ತು, ಅಲುಗಾಡದೆ. ನಾನು ಮುರಿದೆ. ಎಷ್ಟೋ ವರ್ಷದ ಮೇಲೆ ಬೆರಳಿಗೆ ಸಿಕ್ಕ ಆ ಮೆತ್ತನೆಯ ಎಳೆ. ರುಚಿ ಕೆಟ್ಟದಾಗಿದ್ದರೆ ಒಳ್ಳೆಯದಿತ್ತು. ಸುಳ್ಳು ಹೇಳುವುದಿಲ್ಲ, ಸ್ವರ್ಗದ ಹಾಗಿತ್ತು. ಮೂರನ್ನೂ ತಿಂದೆ. ಅಜ್ಜ ನೋಡುತ್ತಲೇ ಇದ್ದರು. ಬೇಗ ಮುಗಿಸಿದರೆ ಸಾಕೆಂದು ನಾನು ಅವಸರ ಮಾಡಿದ್ದನ್ನು ಅವರು ಹಸಿವು ಎಂದು ತಿಳಿದರು. “ಹಾಕ್ರಿ ಅಕ್ಕೋರಿಗಿ ಇನ್ನೊಂದು!” ಎಂದರು. ಚಿಗವ್ವ ಹಾಕಿದಳು. ಅದನ್ನೂ ತಿಂದೆ.

ಅವರು ತಾಟು ತೊಳೆದು ಆ ನೀರು ಕುಡಿದರು. ನನ್ನ ತಾಟು ನೋಡಿದರು. ನಾನೂ ನೀರು ಹಾಕಿ, ಬೆರಳಿನಿಂದ ತುಪ್ಪದ ಗುರುತೂ ಉಳಿಯದ ಹಾಗೆ ತಿರುವಿ, ಎತ್ತಿ ಕುಡಿದೆ.

“ಸಂಬಂಧ ಆತು. ಸಕ್ರಿ ತರ್ರಿ” ಎಂದರು ಅಜ್ಜ.

ಆ ವಾರ ಶಾಲೆಗೆ ಹೋಗಲಾಗಲಿಲ್ಲ. ತಂಗಿ ರಾಗಿ ಹಿಟ್ಟು ಎಲ್ಲಿಂದಲೋ ತಂದು ಗಂಜಿ ಮಾಡಿಕೊಟ್ಟಳು, ಕಾಲು ಒತ್ತಿದಳು, ನಗುತ್ತಲೇ ಅತ್ತಳು. ಒಂದೇ ಸಲ, ಮುಗಿಯಿತು ಎಂದುಕೊಂಡೆ.

ಮುಗಿಯಲಿಲ್ಲ. ಆಳಂದದ ಮನೆಯಲ್ಲಿ ಎರಡು ಮಾತು ಕಲ್ಲಿನಲ್ಲಿ ಕೊರೆದ ಹಾಗೆ ನಿಂತುಬಿಟ್ಟವು. ಅಜ್ಜನಿಗೆ ಜೋಳದ ಹೋಳಿಗೆ ಬೇಕು. ಅಕ್ಕೋರಿಗೆ ಗೋಧಿ ಅಂದರೆ ಜೀವ. ಹಬ್ಬ ಬಂದರೆ ನನ್ನ ಮನೆಯಿಂದ ಚಿವುಟಿದ ಅಂಚಿನ ಹೋಳಿಗೆ ಆಳಂದಕ್ಕೆ ಹೋಗುತ್ತಿತ್ತು, ಆಳಂದದಿಂದ ಡಬರಿ ತುಂಬ ಗೋಧಿ ಹುಗ್ಗಿ ಬಸ್ಸಿನಲ್ಲಿ ನನಗೆ ಬರುತ್ತಿತ್ತು. ನಾನು ಉಣ್ಣುವುದನ್ನು ಅವರಿಗೆ ಕಳಿಸಿ, ನನ್ನನ್ನು ಕೊಲ್ಲುವುದನ್ನು ಕೈಮುಗಿದು ಇಸಿದುಕೊಳ್ಳುತ್ತಿದ್ದೆ. ಡಬರಿಯದನ್ನು ನೆರೆಯವರಿಗೆ ಹಂಚಬಹುದಿತ್ತು. ಅವರ ಮನೆಗೇ ಹೋದಾಗ ಹಂಚುವ ಹಾಗಿರಲಿಲ್ಲ. ವರ್ಷಕ್ಕೆ ಎರಡು ಸಲವಾದರೂ ಹೋಗಲೇಬೇಕು, ಅಜ್ಜನ ಮಗ್ಗುಲಲ್ಲಿ ಕೂಡಲೇಬೇಕು, ತಾಟು ತೊಳೆದು ಕುಡಿಯಲೇಬೇಕು. ಹೋಗುವ ಮುಂಚೆ ಶಾಲೆಗೆ ನಾಲ್ಕು ದಿನದ ರಜೆ ಬರೆದಿಡುತ್ತಿದ್ದೆ.

ತಂಗಿಗೆ ಹೆಣ್ಣು ಕೂಸು ಹುಟ್ಟಿತು. ಹಾಲು ಕುಡಿಯುವ ತನಕ ದುಂಡಗಿತ್ತು. ಎರಡು ವರ್ಷಕ್ಕೆ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬು, ಕೂದಲು ಕೆಂಚು, ಯಾವಾಗಲೂ ರಗಳೆ. ಕೂಸು ತುಂಬಿಕೊಳ್ಳಲಿ ಎಂದು ಆ ಮನೆಯವರು ಗೋಧಿ ಗಂಜಿ ಕುಡಿಸುತ್ತಿದ್ದರು, ಹುಗ್ಗಿ ತಿನ್ನಿಸುತ್ತಿದ್ದರು, ಕೈಗೆ ಬಿಸ್ಕೀಟು ಕೊಡುತ್ತಿದ್ದರು. ನೋಡಿದ ಮೊದಲ ದಿನವೇ ಸೊಲ್ಲಾಪುರದ ಡಾಕ್ಟರರ ಮಾತು ನೆನಪಾಯಿತು. ನಾನು ಬಾಯಿ ತೆರೆಯಲಿಲ್ಲ. ಹುಳ ಇರಬಹುದು, ಹಲ್ಲು ಬರುತ್ತಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಹೀಗೆ ಎರಡು ವರ್ಷ ಕಳೆದೆ. ನನ್ನ ಬಾಳಿನಲ್ಲಿ ನಾನು ನಾಚಿಕೆಪಡುವುದು ಆ ಎರಡು ವರ್ಷಕ್ಕೆ ಮಾತ್ರ.

ಎಂಬತ್ತರ ದಶಕದ ನಡುವೆ ಜೇವರ್ಗಿಯಲ್ಲಿ ನಾನು ಸ್ವಂತ ಮನೆ ಕಟ್ಟಿಸಿದೆ. ಎರಡು ಕೋಣೆ, ಮುಂದೆ ಕಟ್ಟೆ. ಮನೆ ತುಂಬುವ ದಿನ ಆಳಂದದವರೆಲ್ಲ ಬಂದರು. ಕೂಸಿಗೆ ಆಗ ನಾಲ್ಕು ವರ್ಷ. ಎತ್ತಿಕೊಂಡರೆ ತೂಕವೇ ಇಲ್ಲ.

ಅಡಿಗೆ ಮನೆಯಲ್ಲಿ ತಂಗಿಯನ್ನು ಹಿಡಿದು ನಿಲ್ಲಿಸಿದೆ. “ಇದು ನನ್ನ ಹೊಟ್ಟೀನಽ ಅದ ಬೇ. ಗೋಧಿ ಬಿಡಸು ಇಕಿಗಿ.”

ಅವಳು ಬಾಗಿಲ ಕಡೆ ನೋಡಿ ಅಂಗೈಯಿಂದ ನನ್ನ ಬಾಯಿ ಮುಚ್ಚಿದಳು. “ಇಲ್ಲಿ ಆಡಬ್ಯಾಡ ಅಕ್ಕಾ. ಹುಳದ ಔಷಧ ಕೊಟ್ಟೇವಿ. ಯಾಕ ಬಿಡಸ್ತಿ ಅಂತ ಕೇಳಿದ್ರ ಏನ್ ಹೇಳ್ಲಿ? ಆವತ್ತು ನಿನ್ನ ರೋಗ ಮುಚ್ಚಿಟ್ಟು ಕೊಟ್ಟೀರಿ ಅಂತಾರ. ಅವರ ಮನ್ಯಾಗ ಬಾಳ್ವಿ ಮಾಡಾಕತ್ತಾಕಿ ನಾನು, ನೀ ಅಲ್ಲ.”

ಅವಳ ಕಣ್ಣು ನೋಡಿದೆ. ಅವಳಿಗೆ ಗೊತ್ತಿತ್ತು. ನನ್ನಷ್ಟೇ ದಿನದಿಂದ ಗೊತ್ತಿತ್ತು.

ಪಂಕ್ತಿ ಕೂತಿತು. ಅಜ್ಜನಿಗೆ ಜೋಳದ್ದು, ನನಗೆ ಗೋಧಿಯದು, ಈಗ ಅದು ಯಾರೂ ಹೇಳಬೇಕಾಗಿಲ್ಲದ ಪದ್ಧತಿ. ಕೂಸು ಅಜ್ಜನ ತೊಡೆಯ ಮೇಲಿತ್ತು. ಅದು ನನ್ನ ತಾಟಿನ ಕಡೆ ಕೈ ಚಾಚಿತು. “ದೊಡ್ಡವ್ವಂದು ಬೇಕೇನು? ತಗೋ ತಾಯಿ. ದೊಡ್ಡವ್ವನಂಗ ಉಣ್ಣು, ಬಿ.ಎ. ಆಗು” ಎಂದು ಅಜ್ಜ ನನ್ನ ತಾಟಿನಿಂದ ಒಂದು ತುಂಡು ಮುರಿದು ಅದರ ಕೈಗಿಟ್ಟರು.

ನಾನು ಆ ಕೈ ಹಿಡಿದೆ. ತುಂಡು ಕಸಿದುಕೊಂಡೆ. ಕೂಸು ಚೀರಿತು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮಗುವಿನ ಬಾಯಿಯ ತುತ್ತು ಕಸಿದವಳು ಏನು ಹೇಳಿ ತಪ್ಪಿಸಿಕೊಂಡಾಳು? ನನ್ನವ್ವ ಆಗ ಬದುಕಿರಲಿಲ್ಲ, ಸುಳ್ಳು ಹೊಂದಿಸಿ ಕೊಡಲು.

“ಅಜ್ಜಾರ, ಇದನ್ನ ತಿನ್ನಸಬ್ಯಾಡ್ರಿ. ಇಕಿಗಿ ಗೋಧಿ ಆಗಂಗಿಲ್ಲ. ನನಗೂ ಆಗಂಗಿಲ್ಲ” ಎಂದೆ. ಆಮೇಲೆ ಎಲ್ಲ ಹೇಳಿದೆ. ಡಾಕ್ಟರರು, ಜೋಳದ ಹೋಳಿಗೆ ಯಾರಿಗೆ ಮಾಡಿದ್ದು, ಅದು ಯಾರ ತಾಟಿಗೆ ಬಿತ್ತು. ಪ್ರತಿ ಸಲದ ನಾಲ್ಕು ದಿನದ ರಜೆಯ ಮಾತನ್ನೂ ಬಿಡಲಿಲ್ಲ. ಶಾಲೆಯಲ್ಲಿ ಪಾಠ ಹೇಳುವ ದನಿಯಲ್ಲೇ ಹೇಳಿದೆ, ಬೇರೆ ದನಿ ಬರಲಿಲ್ಲ. ತಂಗಿ ಅಡಿಗೆ ಮನೆಯಿಂದ ಹೊರಗೆ ಬರಲಿಲ್ಲ.

ಅಜ್ಜ ತಲೆ ತಗ್ಗಿಸಿ ಕೇಳಿದರು.

“ಆವತ್ತು ಇದನ್ನ ಹೇಳಿದ್ರ ನಾ ಎದ್ದು ಹೋಗ್ತಿದ್ದೆ” ಎಂದರು. “ಖರೆ ಹೇಳ್ತೇನಿ ಅಕ್ಕೋರ. ಚಹಾ ಸುದ್ದಾ ಕುಡೀತಿದ್ದಿಲ್ಲ.”

ನನ್ನನ್ನು ಸಮಾಧಾನ ಮಾಡಲು ಅವರು ಒಂದು ಸುಳ್ಳನ್ನೂ ಹೇಳಲಿಲ್ಲ. ನಾನು ಹೆದರಿದ್ದು ಸರಿಯಾಗಿಯೇ ಇತ್ತು ಎಂದು ಆ ದಿನ ತಿಳಿಯಿತು. ಅದರಿಂದ ಹಗುರವೇನೂ ಆಗಲಿಲ್ಲ.

ಅವರು ತಮ್ಮ ತಾಟಿನ ಜೋಳದ ಹೋಳಿಗೆ ಮುರಿದು ಕೂಸಿನ ಬಾಯಿಗಿಟ್ಟರು. ಅದು ಅಳುತ್ತಲೇ ತಿಂದಿತು. ಆಮೇಲೆ ನನ್ನ ತಾಟು ಎಳೆದುಕೊಂಡು, ಅದರಲ್ಲಿದ್ದ ಹೋಳಿಗೆಗಳನ್ನೆಲ್ಲ ತಮ್ಮ ತಾಟಿಗೆ ಹಾಕಿಕೊಂಡರು. “ಬಿಡಾಕ ಬರಂಗಿಲ್ಲಲ್ಲ” ಎಂದು ಒಂದೊಂದಾಗಿ, ಎದೆ ಉಜ್ಜಿಕೊಳ್ಳುತ್ತ, ಎಲ್ಲ ತಿಂದರು. ತಾಟು ತೊಳೆದು ಕುಡಿದರು. ಏಳುವಾಗ ಮಗನಿಗೆ, “ಕೂಸಿಗಿ ನಾಳಿಂದ ಜ್ವಾಳ. ಸೊಸಿ ಮುಚ್ಚಿಟ್ಟ ಮಾತು ಮನ್ಯಾಗ ಮಾತಾಡೂಣು” ಎಂದರು.

ಮನೆಯಲ್ಲಿ ಏನು ಮಾತಾಡಿದರೋ ನನಗೆ ತಂಗಿ ಹೇಳಲಿಲ್ಲ. ಎರಡು ವರ್ಷ ಅವಳನ್ನು ನನ್ನ ಮನೆಗೆ ಕಳಿಸಲಿಲ್ಲ. ಹುಗ್ಗಿಯ ಡಬರಿ ನಿಂತಿತು. ನಾನು ಕಳಿಸಿದ ಜೋಳದ ಹೋಳಿಗೆ ಮಾತ್ರ ತಿರುಗಿ ಬರಲಿಲ್ಲ. ಕೂಸು ತುಂಬಿಕೊಂಡಿತು ಎಂದು ಬಸ್ಸಿನಲ್ಲಿ ಸಿಕ್ಕವರಿಂದ ತಿಳಿಯಿತು. ಕೊನೆಗೆ ಬಂದಾಗ ತಂಗಿ ಕಟ್ಟೆಯ ಮೇಲೆ ಕೂತು ಹೇಳಿದ್ದು ಇಷ್ಟು: “ನೀ ಮೊದಲಽ ಹೇಳಿದ್ರ ನನ್ನ ಲಗ್ನ ಆಗ್ತಿದ್ದಿಲ್ಲ. ಲಗ್ನ ಆಗದಿದ್ರ ಈ ಕೂಸು ಇರ್ತಿದ್ದಿಲ್ಲ. ಆಮ್ಯಾಗ ನೀ ಹೇಳದಿದ್ರೂ ಈ ಕೂಸು ಇರ್ತಿದ್ದಿಲ್ಲ. ಯಾವುದಕ್ಕ ಬೈಲಿ ನಿನಗ, ನೀನಽ ಹೇಳು.” ಬೈಯದೆ ಒಳಗೆ ಹೋಗಿ ರೊಟ್ಟಿ ಬಡಿಯಲು ಕೂತಳು.

ಆ ಕೂಸು ಹೋದ ವರ್ಷ ಪಿ.ಯು.ಸಿ. ಮುಗಿಸಿತು. ನನಗಿಂತ ಎತ್ತರ ಬೆಳೆದಿದ್ದಾಳೆ. ಅಜ್ಜ ಹೋಗಿ ಬಹಳ ದಿನವಾಯಿತು. ಪಾಸಾದದ್ದಕ್ಕೆ ನನ್ನ ಮನೆಯಲ್ಲೇ ಊಟ ಇಟ್ಟುಕೊಂಡೆವು. ಬರುವವರಲ್ಲಿ ಅಫಜಲಪುರ ಕಡೆಯ ಒಂದು ಮನೆಯವರೂ ಇದ್ದರು. ಬರೀ ಊಟಕ್ಕೆ ಎಂದು ಬಂದರೂ ಅವರು ಯಾಕೆ ಬರುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಹುಡುಗಿ ಬಿ.ಎ. ಮಾಡಲಿ ಎಂದು ನಾನು ಹಟ ಹಿಡಿದಿದ್ದೆ. ಬರುವವರು ಬರುತ್ತಲೇ ಇರುತ್ತಾರೆ.

ಬೆಳಿಗ್ಗೆ ನಾನು ಹಿಟ್ಟು ನಾದಿದೆ, ತಂಗಿ ಹೂರಣ ತುಂಬಿ ತಟ್ಟಿದಳು. ಜೋಳದ್ದು ಹೆಂಚಿನಿಂದ ಇಳಿದ ಕೂಡಲೇ ಅವಳ ಉಗುರು ತನ್ನಷ್ಟಕ್ಕೆ ಅಂಚು ಚಿವುಟಿತು.

“ಚಿವುಟಬ್ಯಾಡ” ಎಂದೆ. “ಕೇಳಿದ್ರ ಹೇಳಿಬಿಡೂಣು ಈ ಸಲ.”

“ನಿನಗೇನು, ಹೇಳ್ತಿ. ಅವರು ಎದ್ದು ಹೋದ್ರ?”

ಹೋದರೆ ಹೋಗಲಿ ಎನ್ನಲು ಮಗಳು ನನ್ನವಳಲ್ಲ. ಜೋಳದ ಹಿಟ್ಟು ಆರಿದರೆ ಬಿರಿಯುತ್ತದೆ, ಕೈಯಲ್ಲಿ ಹಿಡಿದು ಯೋಚನೆ ಮಾಡುತ್ತ ಕೂಡುವ ಹಿಟ್ಟಲ್ಲ ಅದು. ನಾನು ಮುಂದಿನ ಉಂಡೆ ಕಟ್ಟಿಕೊಟ್ಟೆ. ಅವಳು ತಟ್ಟಿದಳು, ಬೇಯಿಸಿದಳು, ಚಿವುಟಿದಳು. ಹುಡುಗಿಗೆ ಮೂರು, ನನಗೆ ಮೂರು, ಆರೂ ಆದವು. ಬೇರೆ ತಾಟಿನಲ್ಲಿ ಜೋಡಿಸಿ, ಮುಚ್ಚಲು ನನ್ನ ಕಡೆ ಸರಿಸಿದಳು.

ಮುಚ್ಚಳ ನನ್ನ ಮಗ್ಗುಲಲ್ಲೇ ಇತ್ತು. ನಾನು ಮುಚ್ಚಲಿಲ್ಲ. ಅವಳು ನೋಡಿದಳು. ತಾನೂ ಮುಚ್ಚಲಿಲ್ಲ. ಹೊರಗೆ ಕಟ್ಟೆಯ ಮೇಲೆ ಚಪ್ಪಲಿ ಬಿಡುವ ಸಪ್ಪಳವಾಯಿತು. “ಬರ್ರಿ, ಬರ್ರಿ” ಎನ್ನುತ್ತ ಇಬ್ಬರೂ ಎದ್ದೆವು.